ಧನವೋ ದನವೋ: ಅಕ್ಷರದ ಹೊಟ್ಟೆ ಮತ್ತು ಡಿಸೈನ್ ಕಾಲೇಜು

'ದ' ಅಕ್ಷರದ ಹೊಟ್ಟೆಯ ಕೆಳಗೆ ಒಂದು ಸೀಳು ಬಿದ್ದರೆ ಅದು 'ಧ'. ಊರಿನ ಶಾಲೆಗಳಲ್ಲಿ ಮೇಷ್ಟ್ರುಗಳು ಇದನ್ನು 'ಹೊಟ್ಟೆ ಸೀಳಿದ ದ' ಎಂದೇ ಹೇಳಿಕೊಡುತ್ತಿದ್ದರು. ಕರಿಹಲಗೆಯ ಮೇಲೆ ಅಂಗೈಯಷ್ಟು ದೊಡ್ಡದಾಗಿ ಬರೆದಾಗ ಇದರಲ್ಲಿ ತೊಡಕೇನೂ ಇಲ್ಲ. ತೊಡಕು ಶುರುವಾಗುವುದು ಅದೇ ಅಕ್ಷರ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಗಾತ್ರಕ್ಕೆ ಇಳಿದಾಗ. ಅಗ್ಗದ ಕಾಗದ ಮಸಿ ಹೀರುತ್ತದೆ, ಮಸಿ ಸುತ್ತಲೂ ಹರಡುತ್ತದೆ, ಕೂದಲೆಳೆಯಷ್ಟಿದ್ದ ಸೀಳು ಮುಚ್ಚಿಕೊಳ್ಳುತ್ತದೆ. ರೈತನಿಗೆ ಸಿಗಬೇಕಾದ ಧನಸಹಾಯ ಅಚ್ಚಿನಲ್ಲಿ ದನಸಹಾಯವಾಗಿ ಹೊರಬರುತ್ತದೆ. 'ಭಾರ' ಹೋಗಿ 'ಬಾರ' ಆಗುತ್ತದೆ, 'ಢಂ' ಹೋಗಿ 'ಡಂ'.

ಓದುವವರು ಹಿಂದುಮುಂದು ನೋಡಿ ಸರಿಪಡಿಸಿಕೊಂಡು ಓದುತ್ತಾರೆ, ಯಾರೂ ದೂರು ಕೊಡುವುದಿಲ್ಲ. ಆದರೆ ಆ ಸೀಳು ಎಷ್ಟು ಅಗಲ ಇರಬೇಕು, ಎಷ್ಟು ಎತ್ತರಕ್ಕೆ ಹೋಗಬೇಕು ಎಂದು ಯಾರೋ ಒಬ್ಬರು ಕೂತು ತೀರ್ಮಾನ ಮಾಡಿರುತ್ತಾರೆ, ಇಲ್ಲವೇ ತೀರ್ಮಾನ ಮಾಡದೆ ಬಿಟ್ಟಿರುತ್ತಾರೆ. ಇಂಥ ತೀರ್ಮಾನಗಳನ್ನು ಕಣ್ಣಿಟ್ಟು, ಅಳತೆ ಹಿಡಿದು, ಕಾರಣ ಕೊಟ್ಟು ಮಾಡುವುದನ್ನು ಕಲಿಸುವ ವಿದ್ಯೆಯೇ ಗ್ರಾಫಿಕ್ ಡಿಸೈನ್.

ಈ ತೊಂದರೆ ಕನ್ನಡಕ್ಕೆ ಮಾತ್ರ ಬಂದದ್ದಲ್ಲ. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಗೆ ತನ್ನ ದಪ್ಪನೆಯ ಡೈರೆಕ್ಟರಿಗಳಲ್ಲಿ ಇದೇ ಪಾಡು ಎದುರಾಗಿತ್ತು. ಕಾಗದ ಕಳಪೆ, ಅಕ್ಷರ ಸಾಸಿವೆಕಾಳಿನಷ್ಟು, ಯಂತ್ರದ ವೇಗ ಹೆಚ್ಚು. 1978ರಲ್ಲಿ ಮ್ಯಾಥ್ಯೂ ಕಾರ್ಟರ್ ಎಂಬ ವಿನ್ಯಾಸಕಾರರು ಅವರಿಗಾಗಿ 'ಬೆಲ್ ಸೆಂಟೆನಿಯಲ್' ಎಂಬ ಅಕ್ಷರಮಾದರಿ ಮಾಡಿಕೊಟ್ಟರು. ಗೆರೆಗಳು ಕೂಡುವ ಮೂಲೆಗಳಲ್ಲೆಲ್ಲ ಅವರು ಬೇಕೆಂದೇ ಕಚ್ಚು ಹಾಕಿದ್ದರು. ದೊಡ್ಡದು ಮಾಡಿ ನೋಡಿದರೆ ಇಲಿ ಕಡಿದ ಹಾಗೆ ಕಾಣುವ ಅಕ್ಷರ. ಅಚ್ಚಾದಾಗ ಮಸಿ ಬಂದು ಆ ಕಚ್ಚುಗಳಲ್ಲಿ ತುಂಬಿಕೊಂಡು ಅಕ್ಷರ ಸರಿಯಾದ ಆಕಾರಕ್ಕೆ ಬರುತ್ತಿತ್ತು. ಲೋಕದ ಡಿಸೈನ್ ಕಾಲೇಜುಗಳಲ್ಲೆಲ್ಲ ಪಾಠವಾಗುವ ಉದಾಹರಣೆ ಇದು. 'ಧ'ದ ಸೀಳನ್ನು ಅದೇ ಶ್ರದ್ಧೆಯಿಂದ ಪಾಠ ಮಾಡುವ ತರಗತಿಗಳು ಎಷ್ಟಿವೆ ಎಂಬುದೇ ಪ್ರಶ್ನೆ.

ಹೆಸರಿನ ಗೊಂದಲವೊಂದನ್ನು ಇಲ್ಲೇ ಬಿಡಿಸಿಕೊಳ್ಳಬೇಕು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಕಲಾಶಾಲೆಯಲ್ಲಿ 'ಗ್ರಾಫಿಕ್ಸ್ ವಿಭಾಗ ಎಲ್ಲಿ' ಎಂದು ಕೇಳಿಕೊಂಡು ಹೋದರೆ ಎದುರಾಗುವುದು ಎಚಿಂಗ್ ತಗಡು, ಲಿಥೋ ಕಲ್ಲು, ಮಸಿ ಮೆತ್ತಿದ ಏಪ್ರನ್. ಅಲ್ಲಿ ಗ್ರಾಫಿಕ್ಸ್ ಎಂದರೆ ಮುದ್ರಣಕಲೆ. ಪೋಸ್ಟರು, ಪುಸ್ತಕದ ಮುಖಪುಟ, ಲಾಂಛನ, ಅಕ್ಷರ ಇವೆಲ್ಲ ಪಕ್ಕದ ಕೋಣೆಯ 'ಅಪ್ಲೈಡ್ ಆರ್ಟ್', ಅಂದರೆ ಅನ್ವಯಿಕ ಕಲೆ. ಡಿಸೈನ್ ಸಂಸ್ಥೆಗಳಿಗೆ ಬಂದರೆ ಅದೇ ಕೆಲಸಕ್ಕೆ 'ವಿಷುಯಲ್ ಕಮ್ಯುನಿಕೇಷನ್' ಅಥವಾ 'ಕಮ್ಯುನಿಕೇಷನ್ ಡಿಸೈನ್' ಎಂಬ ಹೆಸರು. ಮಗಳನ್ನು ಯಾವ ಕೋರ್ಸಿಗೆ ಸೇರಿಸಬೇಕೆಂದು ತಂದೆತಾಯಿ ತಲೆ ಕೆರೆದುಕೊಂಡರೆ ತಪ್ಪು ಅವರದಲ್ಲ.

ಭಾರತದಲ್ಲಿ ಡಿಸೈನ್ ಸಂಸ್ಥೆಗಳ ಈ ಬಗೆಯ ಶಿಕ್ಷಣ ಶುರುವಾದದ್ದು ಒಂದು ತಂಬಿಗೆಯಿಂದ ಎನ್ನಬಹುದು. 1958ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಕರೆಯ ಮೇಲೆ ದೇಶ ಸುತ್ತಿ ಒಂದು ವರದಿ ಕೊಟ್ಟರು. ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಮನಸೋತದ್ದು ನಿತ್ಯ ಬಳಕೆಯ ತಂಬಿಗೆಗೆ. ಅದರ ಕಂಠ ಕೈಗೆ ಹೇಗೆ ಒದಗುತ್ತದೆ, ಸೊಂಟದ ಮೇಲಿಟ್ಟರೆ ಹೇಗೆ ಕೂರುತ್ತದೆ, ನೀರು ಬಗ್ಗಿಸಿದಾಗ ಹೇಗೆ ಬೀಳುತ್ತದೆ ಎಂಬುದನ್ನೆಲ್ಲ ವಿಚಾರ ಮಾಡಿ ಬರೆದರು. ಆ ವರದಿಯ ಬುನಾದಿಯ ಮೇಲೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಹುಟ್ಟಿತು. ಅದರ ಲಾಂಛನ ಮಾಡಿಕೊಟ್ಟವರು ಸ್ವಿಸ್ ಅಕ್ಷರಶಿಲ್ಪಿ ಏಡ್ರಿಯನ್ ಫ್ರುಟಿಗರ್. ಎಂಟು ವರ್ಷದ ನಂತರ, 1969ರಲ್ಲಿ, ಮುಂಬೈಯ ಐಐಟಿಯೊಳಗೆ ಐಡಿಸಿ ಎಂಬ ವಿನ್ಯಾಸ ಕೇಂದ್ರ ಬಂತು. 1984ರಲ್ಲಿ ಅಲ್ಲಿ ವಿಷುಯಲ್ ಕಮ್ಯುನಿಕೇಷನ್ ಪಾಠ ಆರಂಭವಾಯಿತು. ಬೆಂಗಳೂರಿನಲ್ಲಿ ಸೃಷ್ಟಿ ಎಂಬ ಡಿಸೈನ್ ಶಾಲೆ ಶುರುವಾದದ್ದು 1996ರಲ್ಲಿ, ಎನ್‌ಐಡಿಯ ಶಾಖೆ ತುಮಕೂರು ರಸ್ತೆಗೆ ಬಂದದ್ದು 2006ರಲ್ಲಿ.

ಈ ಹೆಸರುಗಳನ್ನು ಎಂದೂ ಕೇಳದವರೂ ಅಲ್ಲಿಯ ಕೆಲಸವನ್ನು ದಿನಾ ನೋಡಿದ್ದಾರೆ. ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ ಎನ್‌ಐಡಿಯ ಶೇಖರ್ ಕಾಮತ್ 1971ರಲ್ಲಿ ಮಾಡಿದ್ದು. ದೂರದರ್ಶನದ ಕಣ್ಣು ಅದೇ ಸಂಸ್ಥೆಯಲ್ಲಿ ಓದುತ್ತಿದ್ದ ದೇಬಾಶಿಸ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿಯ ಕೈಯಿಂದ ಬಂದದ್ದು. ಭಾನುವಾರದ ಸಿನಿಮಾಕ್ಕೆ ಕಾದು ಕೂತ ಒಂದು ಇಡೀ ತಲೆಮಾರು ಆ ಕಣ್ಣು ಸುತ್ತುತ್ತ ಬಂದು ನಿಲ್ಲುವುದನ್ನು ನೋಡಿದೆ.

ಮೂರನೆಯದು ಜೇಬಿನಲ್ಲೇ ಇದೆ. 2010ರ ಜುಲೈ 15ರಂದು ಕೇಂದ್ರ ಸಚಿವ ಸಂಪುಟ ರೂಪಾಯಿಗೆ ಒಂದು ಚಿಹ್ನೆಯನ್ನು ಒಪ್ಪಿಕೊಂಡಿತು. ಅದನ್ನು ರಚಿಸಿದ ಡಿ. ಉದಯಕುಮಾರ್ ಆಗ ಐಡಿಸಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದರು, ಪಾಠ ಹೇಳಲು ಗುವಾಹಟಿಯ ಐಐಟಿಗೆ ಹೊರಟು ನಿಂತಿದ್ದರು. ಚಿಹ್ನೆಯಲ್ಲಿ ದೇವನಾಗರಿಯ 'ರ' ಇದೆ, ರೋಮನ್ನಿನ ಆರ್ ಕೂಡ ಇದೆ. ಮೇಲಿನ ಗೆರೆ ನಾಗರಿಯ ಶಿರೋರೇಖೆ. ಸುದ್ದಿಯಾದದ್ದು ಬಹುಮಾನ ಗೆದ್ದ ಹುಡುಗನ ಕಥೆ. ಸುದ್ದಿಯಾಗದೆ ಉಳಿದದ್ದು ಅವರ ಪಿಎಚ್‌ಡಿಯ ವಿಷಯ: ತಮಿಳು ಮುದ್ರಣಾಕ್ಷರಗಳು. ಹಳೆಯ ತಮಿಳು ಪುಸ್ತಕಗಳ ಪುಟಗಳ ಮೇಲೆ ಭೂತಗನ್ನಡಿ ಹಿಡಿದು ಒಂದೊಂದು ಅಕ್ಷರದ ಬಳುಕು ಅಳೆಯುತ್ತ ವರ್ಷಗಟ್ಟಲೆ ಕೂತ ಕಣ್ಣಿಗೆ ಎರಡು ಲಿಪಿಗಳು ಎಲ್ಲಿ ಕೈಕುಲುಕುತ್ತವೆ ಎಂಬುದು ಕಂಡಿತೆಂದರೆ ಆಶ್ಚರ್ಯವಿಲ್ಲ. ಡಿಸೈನ್ ಕಾಲೇಜಿನ ಸಂಶೋಧನೆ ಎಂದರೆ ಏನು ಎಂದು ಕೇಳುವವರಿಗೆ ಇದಕ್ಕಿಂತ ಹತ್ತಿರದ ಉತ್ತರ ಸಿಗಲಾರದು.

ಅದೇ ಐಡಿಸಿಯಲ್ಲಿ ಪಾಠ ಮಾಡಿದವರು ಆರ್.ಕೆ. ಜೋಶಿ. ಮರಾಠಿ ಕವಿ, ಕ್ಯಾಲಿಗ್ರಫಿಯಲ್ಲಿ ದೊಡ್ಡ ಹೆಸರು. ವಿಂಡೋಸ್ ಕಂಪ್ಯೂಟರಿನ ಜೊತೆ ಮನೆಮನೆಗೆ ಬಂದ 'ತುಂಗಾ' ಎಂಬ ಕನ್ನಡ ಫಾಂಟ್ ತಯಾರಾದದ್ದು ಅವರ ನಿರ್ದೇಶನದಲ್ಲಿ. ಅವರು 2008ರಲ್ಲಿ ತೀರಿಕೊಂಡರು. ಅದೇ ವರ್ಷ ಐಡಿಸಿ 'ಟೈಪೋಗ್ರಫಿ ಡೇ' ಎಂಬ ವಾರ್ಷಿಕ ಸಮ್ಮೇಳನ ಆರಂಭಿಸಿತು. ಭಾರತೀಯ ಲಿಪಿಗಳ ಮೇಲೆ ಕೆಲಸ ಮಾಡುವ ಮೇಷ್ಟ್ರುಗಳು, ವಿದ್ಯಾರ್ಥಿಗಳು ತಮ್ಮ ಪ್ರಬಂಧ ಹಿಡಿದುಕೊಂಡು ಸೇರುವ ಜಾತ್ರೆ ಅದು. 2016ರಲ್ಲಿ ಬೆಂಗಳೂರಿನ ಸೃಷ್ಟಿಯಲ್ಲಿ ನಡೆಯಿತು.

ಇನ್ನು ತರಗತಿಯೊಳಗೆ ಇಣುಕಬಹುದು. ಅಕ್ಷರ ವಿನ್ಯಾಸದ ಪಾಠ ಕಂಪ್ಯೂಟರಿನಿಂದ ಶುರುವಾಗುವುದು ಅಪರೂಪ. ಚಪ್ಪಟೆ ಮೊನೆಯ ಪೆನ್ನು, ಮಸಿ, ಕಾಗದ ಮೊದಲು. ವಿದ್ಯಾರ್ಥಿ ದಿನಗಟ್ಟಲೆ ಒಂದೇ ಅಕ್ಷರ ಬರೆಯುತ್ತಾನೆ. ಪೆನ್ನಿನ ಓರೆ ಸ್ವಲ್ಪ ಬದಲಾದರೆ ದಪ್ಪ ಎಲ್ಲಿ ಬೀಳುತ್ತದೆ, ತೆಳು ಎಲ್ಲಿ ಉಳಿಯುತ್ತದೆ ಎಂಬುದು ಕೈಗೆ ಗೊತ್ತಾಗಬೇಕು. ಕನ್ನಡದಲ್ಲಿ ಇದಕ್ಕೆ ಒಂದು ಸ್ವಾರಸ್ಯ ಸೇರಿಕೊಳ್ಳುತ್ತದೆ. ನಮ್ಮ ಅಕ್ಷರ ಶತಮಾನಗಳ ಕಾಲ ಓಲೆಗರಿಯ ಮೇಲೆ ಕಂಠ ಎಂಬ ಕಬ್ಬಿಣದ ಲೇಖನಿಯಿಂದ ಕೊರೆದದ್ದು. ಕಂಠಕ್ಕೆ ದಪ್ಪ ತೆಳು ಎಂಬ ಭೇದವಿಲ್ಲ, ಗೆರೆಯೆಲ್ಲ ಒಂದೇ ಸಮ. ಅಚ್ಚಿನ ಮೊಳೆ ಬಂದ ಮೇಲೆ ದಪ್ಪ ತೆಳು ಬಂತು. ಹಾಗಾದರೆ ಕನ್ನಡದ 'ಕ'ಗೆ ದಪ್ಪ ಎಲ್ಲಿರಬೇಕು? ಇಂಗ್ಲಿಷ್ ಅಕ್ಷರಕ್ಕೆ ರೋಮನ್ ಶಿಲಾಶಾಸನದಿಂದ ಬಂದ ಒಂದು ಕಟ್ಟಳೆ ಇದೆ. ಕನ್ನಡಕ್ಕೆ ಅಂಥದ್ದೊಂದು ಸಿದ್ಧ ಕಟ್ಟಳೆ ಇಲ್ಲದಿರುವುದರಿಂದಲೇ ಇಲ್ಲಿ ಸಂಶೋಧನೆಗೆ ಜಾಗ ಇದೆ.

ದುಂಡಗಿನ ವಿಷಯವೂ ಹಾಗೇ. ನೇರ ಗೆರೆ ಎಳೆದರೆ ಗರಿ ಹರಿಯುತ್ತದೆ, ಅದಕ್ಕೇ ಕನ್ನಡ ದುಂಡಗಾಯಿತು ಎಂಬ ಮಾತನ್ನು ಎಲ್ಲ ತರಗತಿಗಳಲ್ಲೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಐದನೇ ಶತಮಾನದ ಹಲ್ಮಿಡಿಯ ಕಲ್ಲಿನಲ್ಲಿ ಚೌಕ ತಲೆ ಹೊತ್ತ ಅಕ್ಷರಗಳು ಹೊಯ್ಸಳರ ಕಲ್ಲಿಗೆ ಬರುವಾಗ ದುಂಡು ಮಲ್ಲಿಗೆಯಂತೆ ತುಂಬಿಕೊಂಡಿವೆ. ಕಲ್ಲು ಹರಿಯುವ ಭಯವೇನೂ ಶಿಲ್ಪಿಗೆ ಇರಲಿಲ್ಲವಲ್ಲ! ಇಂಥ ಎದುರುಪ್ರಶ್ನೆ ಹಾಕುವ ವಿದ್ಯಾರ್ಥಿ ಸಿಕ್ಕ ದಿನ ಪಾಠ ಸಂಶೋಧನೆಯಾಗುತ್ತದೆ.

ಬರವಣಿಗೆ ಕೈಗೆ ಹತ್ತಿದ ಮೇಲೆ ಫಾಂಟ್ ಕಟ್ಟುವ ಕೆಲಸ. ಹೊರಗಿನವರಿಗೆ ಇದು 49 ಅಕ್ಷರ ಬರೆದರೆ ಮುಗಿಯಿತು ಎನಿಸುತ್ತದೆ. ನಿಜವಾಗಿ ಲೆಕ್ಕ ಅಲ್ಲಿಂದ ಶುರು. ಪ್ರತಿ ವ್ಯಂಜನಕ್ಕೂ ತಲಕಟ್ಟು, ಗುಡಿಸು, ಕೊಂಬು, ಏತ್ವ, ಓತ್ವ, ಪ್ರತಿಯೊಂದಕ್ಕೂ ಒತ್ತಕ್ಷರ, 'ಸ್ತ್ರೀ', 'ರಾಷ್ಟ್ರ', 'ಲಕ್ಷ್ಮಿ'ಗಳಲ್ಲಿ ಒತ್ತಿಗೆ ಇನ್ನೊಂದು ಒತ್ತು. ಸರಿಯಾದ ಕನ್ನಡ ಫಾಂಟಿಗೆ ಕೆಲವು ನೂರು ಆಕೃತಿಗಳು ಬೇಕೇಬೇಕು. ಬುದ್ಧಿವಂತ ವಿದ್ಯಾರ್ಥಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯುವುದಿಲ್ಲ, ಸಂಸಾರಗಳಾಗಿ ವಿಂಗಡಿಸಿಕೊಳ್ಳುತ್ತಾನೆ. ದ, ಧ, ಥ ಒಂದು ಮನೆಯವರು. ಪ, ಫ, ಷ, ವ, ಮ, ಯ ಇನ್ನೊಂದು ಮನೆಯವರು. 'ವ'ದ ಹೊಟ್ಟೆ ತೀರ್ಮಾನವಾದರೆ 'ಮ'ದ ಅರ್ಧ ಕೆಲಸ ಆದಂತೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಎತ್ತರ. ಕನ್ನಡದ ಸಾಲು ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. ಮೇಲಿನ ಸಾಲಿನ 'ಷ್ಟ್ರ' ಕೆಳಗಿನ ಸಾಲಿನ 'ಕೀ'ಗೆ ಡಿಕ್ಕಿ ಹೊಡೆಯದಂತೆ ಇಡಬೇಕಾದರೆ ಸಾಲಿನ ನಡುವೆ ಜಾಗ ಬಿಡಬೇಕು, ಇಲ್ಲವೇ ಅಕ್ಷರವನ್ನೇ ಕುಗ್ಗಿಸಬೇಕು. ಇಂಗ್ಲಿಷಿನ ಅಳತೆಗೆ ಮಾಡಿದ ಫಾರಂ, ಆ್ಯಪ್, ಬೋರ್ಡುಗಳಲ್ಲಿ ಕನ್ನಡವನ್ನು ತುರುಕಿದಾಗ ಕುಗ್ಗುವುದು ಯಾವಾಗಲೂ ಕನ್ನಡವೇ. ಒಂದೇ ಅಳತೆ ಕೊಟ್ಟು ಎರಡು ಭಾಷೆ ಅಕ್ಕಪಕ್ಕ ಹಾಕಿದರೆ ಕನ್ನಡ ಸಣ್ಣಗೆ ಕಾಣುವುದು ಈ ಕಾರಣಕ್ಕೆ. ಫೋನಿನ ಪರದೆಯಲ್ಲಿ ಗುಂಡಿಯ ಅಂಚಿಗೆ ಒತ್ತಕ್ಷರದ ಕಾಲು ಕತ್ತರಿಸಿಹೋದದ್ದನ್ನು ಕಂಡವರು ಲಕ್ಷಗಟ್ಟಲೆ ಇರಬೇಕು.

ಈ ಕೆಲಸವನ್ನು ಗಂಭೀರವಾಗಿ ಕಲಿಸುವ ಜಾಗಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯ. ಅಲ್ಲಿ ಟೈಪೋಗ್ರಫಿಗೇ ಒಂದು ಪ್ರತ್ಯೇಕ ವಿಭಾಗವಿದೆ. ಅಕ್ಷರ ವಿನ್ಯಾಸದಲ್ಲಿ ಎಂಎ ಇದೆ. ಭಾರತೀಯ ಲಿಪಿಗಳ ಮಟ್ಟಿಗೆ ಅಲ್ಲಿ ದೊಡ್ಡ ಹೆಸರು ಫಿಯೋನಾ ರಾಸ್. 1978ರಿಂದ 1989ರವರೆಗೆ ಲೈನೋಟೈಪ್ ಕಂಪನಿಯಲ್ಲಿದ್ದು ನಮ್ಮ ಲಿಪಿಗಳ ಅಚ್ಚಿನ ಅಕ್ಷರಗಳನ್ನು ತಿದ್ದಿದವರು, ಆಮೇಲೆ ಪಾಠ ಹೇಳಿದವರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲಿಕೆಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದದೊಂದಿಗೆ 2017ರಲ್ಲಿ ಹೊರತಂದಿತು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಎರಡೂ ಒಂದೇ ತೂಕದಲ್ಲಿ ಕಾಣಬೇಕು, ಯಾವುದೂ ಇನ್ನೊಂದರ ಅಡಿಯಾಳಾಗಬಾರದು. ಆ ಮಾಲಿಕೆಗೆಂದು ಫಿಯೋನಾ ರಾಸ್, ಜಾನ್ ಹಡ್ಸನ್ ಮತ್ತು ಸಂಗಡಿಗರು ಮಾಡಿದ ಕನ್ನಡ ಅಕ್ಷರ ಈಗ 'ಟೀರೋ ಕನ್ನಡ' ಎಂಬ ಹೆಸರಿನಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ.

ರೆಡಿಂಗ್‌ನಲ್ಲಿ ಓದಿದವರ ಪೈಕಿ ಕನ್ನಡದ ಕಡೆ ಕೈ ಚಾಚಿದವರು ಇನ್ನೂ ಇದ್ದಾರೆ. ಅಮೆರಿಕದ ಎರಿನ್ ಮೆಕ್‌ಲಾಫ್ಲಿನ್ ಒಂದು ಕನ್ನಡ ಫಾಂಟ್ ಮಾಡಿ ಅದಕ್ಕೆ 'ಹುಬ್ಬಳ್ಳಿ' ಎಂದೇ ಹೆಸರಿಟ್ಟರು. ಕಂಠದಲ್ಲಿ ಗೀರಿದಂತೆ ಗೆರೆ ಉದ್ದಕ್ಕೂ ಒಂದೇ ಸಮ. ವೈಷ್ಣವಿ ಮೂರ್ತಿ ಮತ್ತು ಸ್ಪೇನಿನ ಹುವಾನ್ ಲೂಯಿಸ್ ಬ್ಲಾಂಕೊ ಕೂಡಿ ಮಾಡಿದ್ದು 'ಅಕಾಯ ಕನಡಕ'. ಮುಂಬೈಯ ಏಕ್ ಟೈಪ್ ಸಂಸ್ಥೆಯ 'ಅನೇಕ್' ಕುಟುಂಬದ ಕನ್ನಡ ಅಕ್ಷರಗಳೂ ವೈಷ್ಣವಿಯವರದೇ. ಆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಗಿರೀಶ್ ದಳ್ವಿ ದೇವನಾಗರಿ ಅಕ್ಷರಗಳ ಮೇಲೆ ಪಿಎಚ್‌ಡಿ ಮಾಡಿ ಐಡಿಸಿಯಲ್ಲೇ ಮೇಷ್ಟ್ರಾದವರು. ಇವರ ಕಸುಬು ಬೆಳೆದದ್ದು ಹೀಗೆ ಕಾಲೇಜಿನ ಬೇರಿನಿಂದ.

ವೈಷ್ಣವಿಯವರ ಇನ್ನೊಂದು ಕೆಲಸ ಫಾಂಟಿಗಿಂತ ಆಳವಾದದ್ದು. ಕರಾವಳಿ ಮತ್ತು ಮಲೆನಾಡಿನಲ್ಲಿ ಸಂಸ್ಕೃತ ಗ್ರಂಥಗಳನ್ನು ಬರೆದಿಡುತ್ತಿದ್ದ ಲಿಪಿ ತಿಗಳಾರಿ. ವೆಂಕಟರಾಜ ಪುಣಿಂಚತ್ತಾಯರು ಬೆಳಕಿಗೆ ತಂದ ಹಳೆಯ ತುಳು ಕಾವ್ಯಗಳ ಓಲೆಗಳೂ ಇದೇ ಲಿಪಿಯವು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟ ತೆರೆದಾಗ ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರು. ಅಚ್ಚಿಗೆ ಹೋಗದ ಲಿಪಿ ಮಠಗಳ, ಮನೆಗಳ ಅಟ್ಟದಲ್ಲಿ ಉಳಿಯಿತು. ಅದು ಕಂಪ್ಯೂಟರಿಗೆ ಬರಬೇಕಾದರೆ ಮೊದಲು ಯೂನಿಕೋಡ್ ಪಟ್ಟಿ ಸೇರಬೇಕು. ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಅಂಕೆ ಕೊಡುವ ವ್ಯವಸ್ಥೆ ಅದು. ಕನ್ನಡದ 'ಕ'ಗೆ 0ಸಿ95 ಎಂಬ ಅಂಕೆ ಇರುವ ಹಾಗೆ. ಪಟ್ಟಿ ಸೇರಿಸಿ ಎಂದು ಅರ್ಜಿ ಹಾಕಿದರೆ ಸಾಲದು. ಈ ಅಕ್ಷರ ಯಾವ ಓಲೆಯಲ್ಲಿದೆ, ಆ ಒತ್ತು ಎಲ್ಲಿ ಕೂರುತ್ತದೆ, ಇದು ಬೇರೆ ಅಕ್ಷರವೋ ಬರೆದವರ ಕೈಯ ವೈಖರಿಯೋ ಎಂದು ಒಂದೊಂದಕ್ಕೂ ಪುರಾವೆ ಇಡಬೇಕು. ವೈಷ್ಣವಿ ಮೂರ್ತಿ ಮತ್ತು ಲಿಪಿತಜ್ಞ ವಿನೋದ್ ರಾಜನ್ ಜೊತೆಯಾಗಿ ಆ ಪ್ರಸ್ತಾವ ಬರೆದರು. ಹಲವು ಸುತ್ತಿನ ತಿದ್ದುಪಡಿಗಳಾದವು, ಲಿಪಿಯ ಹೆಸರೇ ಚರ್ಚೆಯ ವಿಷಯವಾಯಿತು. ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೇ ಆವೃತ್ತಿಯಲ್ಲಿ 'ತುಳು-ತಿಗಳಾರಿ' ಎಂಬ ಹೆಸರಿನಲ್ಲಿ 80 ಸಂಕೇತಗಳು ಸೇರಿದವು. ಓಲೆಯಿಂದ ನೇರವಾಗಿ ಕಂಪ್ಯೂಟರಿಗೆ ಜಿಗಿದ ಲಿಪಿ. ನಡುವೆ ಮೊಳೆಯ ಕಾಲವನ್ನೇ ಕಾಣಲಿಲ್ಲ.

ಹಾಗೆಂದು ಕಾಲೇಜುಗಳನ್ನು ಬರೀ ಹೊಗಳಿ ಮುಗಿಸುವಂತಿಲ್ಲ. ಕನ್ನಡ ಅಕ್ಷರ ಕಂಪ್ಯೂಟರಿಗೆ ಬಂದ ಮೊದಲ ದಿನಗಳ ಭಾರ ಹೊತ್ತವರು ಡಿಸೈನ್ ಓದಿದವರಲ್ಲ. ಕೀಲಿಮಣೆ ರೂಪಿಸಿದ ಕೆ.ಪಿ. ರಾವ್, 1998ರಲ್ಲಿ 'ಬರಹ' ಕೊಟ್ಟ ಶೇಷಾದ್ರಿವಾಸು ತಂತ್ರಜ್ಞಾನದ ಕಡೆಯಿಂದ ಬಂದವರು. ಚಿಕ್ಕಪೇಟೆಯ ಲಗ್ನಪತ್ರಿಕೆಗಳು, ಊರೂರಿನ ಡಿಟಿಪಿ ಅಂಗಡಿಗಳು ವರ್ಷಗಟ್ಟಲೆ ಅದೇ ನಾಲ್ಕಾರು ಫಾಂಟುಗಳಲ್ಲಿ ಕಾಲ ಹಾಕಿದವು. ಡಿಸೈನ್ ಶಾಲೆಗಳು ಎಚ್ಚೆತ್ತುಕೊಂಡದ್ದು ತಡವಾಗಿ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಐಐಟಿಗಳ ಬಿ.ಡೆಸ್ ಪ್ರವೇಶಕ್ಕೆ ಬರೆಯುವ ಯುಸೀಡ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಪಾಠ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಟೈಪೋಗ್ರಫಿಯ ಮೊದಲ ಅಭ್ಯಾಸವೂ ರೋಮನ್ ಅಕ್ಷರದಲ್ಲಿ. ಸೆರಿಫ್ ಎಂದರೇನು ಎಂದು ಕೇಳಿದರೆ ಥಟ್ಟನೆ ಹೇಳುವ ವಿದ್ಯಾರ್ಥಿ ತಲಕಟ್ಟು ಎಂದರೇನು ಎಂದು ಕೇಳಿದರೆ ತಡವರಿಸುತ್ತಾನೆ. ಚಾಮರಾಜೇಂದ್ರ ಅಕಾಡೆಮಿಯಲ್ಲೋ, ಜಿಲ್ಲೆಯ ಕಲಾಶಾಲೆಯಲ್ಲೋ ಅನ್ವಯಿಕ ಕಲೆ ಓದುವ ಹುಡುಗರ ಕಥೆ ತಿರುಗುಮುರುಗು: ಅವರಿಗೆ ಕನ್ನಡ ಅಕ್ಷರ ಕೈಯಲ್ಲಿ ಕೂತಿದೆ, ಗೋಡೆಬರಹ ಬರೆದು ಅಭ್ಯಾಸವಿದೆ; ಫಾಂಟ್ ಕಟ್ಟುವ ಸಾಫ್ಟ್‌ವೇರ್, ಸಂಶೋಧನೆಯ ರೂಢಿ, ಸಮ್ಮೇಳನಕ್ಕೆ ಪ್ರಬಂಧ ಬರೆಯುವ ಇಂಗ್ಲಿಷ್ ದೂರ. ಕೈ ಒಂದು ಕಡೆ, ಸಲಕರಣೆ ಇನ್ನೊಂದು ಕಡೆ. ಇವೆರಡನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಕೋರ್ಸು ಕರ್ನಾಟಕಕ್ಕೆ ತುರ್ತಾಗಿ ಬೇಕು.

ತುರ್ತು ಎನ್ನಲು ಬೀದಿಯೇ ಸಾಕ್ಷಿ. 2024ರ ತಿದ್ದುಪಡಿ ಕಾನೂನು ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಎಂದಿತು. ಬೆಂಗಳೂರಿನಲ್ಲಿ ರಾತ್ರೋರಾತ್ರಿ ಫ್ಲೆಕ್ಸ್ ಅಂಗಡಿಗಳಿಗೆ ಸುಗ್ಗಿ ಬಂತು. ಕನ್ನಡ ಬಂದದ್ದು ಸಂತೋಷವೇ. ಬಂದ ರೀತಿ ಹೇಗಿತ್ತು ಎಂದರೆ, ಇಂಗ್ಲಿಷ್ ಹೆಸರಿಗೆ ತಜ್ಞರು ಕೂತು ಬಿಡಿಸಿದ ಅಂದದ ಅಕ್ಷರ, ಅದರ ಮೇಲೆ ಅಳತೆ ತುಂಬಿಸಲು ಅಡ್ಡಡ್ಡ ಎಳೆದು ಹಿಗ್ಗಿಸಿದ ಕನ್ನಡ. ಹೊಟ್ಟೆ ಉಬ್ಬಿದ 'ಬ', ಕತ್ತು ಹಿಸುಕಿದ 'ಕ', ಎಲ್ಲೋ ಬಿದ್ದ ಒತ್ತು. ಕಾನೂನಿಗೆ ಅಳೆಯಲು ಬರುವುದು ಜಾಗ ಮಾತ್ರ. ಅಕ್ಷರದ ಅಂದ ಅಳೆಯುವ ಕಣ್ಣುಗಳನ್ನು ತಯಾರು ಮಾಡಬೇಕಾದದ್ದು ಕಾಲೇಜು, ಆ ಕಣ್ಣುಗಳಿಗೆ ಕೆಲಸ ಕೊಡಬೇಕಾದದ್ದು ಅಂಗಡಿಯವರು.

ಓದುಗರ ಪಾಲಿನ ಕೆಲಸವೂ ಒಂದಿದೆ, ಅದಕ್ಕೆ ಖರ್ಚಿಲ್ಲ. ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಬಂದು ಡಿಟಿಪಿ ಅಂಗಡಿಗೆ ಹೋದಾಗ ಅಲ್ಲಿಯ ಹುಡುಗನಿಗೆ ಅನೇಕ್, ಅಕಾಯ, ಹುಬ್ಬಳ್ಳಿ, ಟೀರೋ ಎಂಬ ಹೆಸರು ಹೇಳಿ ನೋಡಿ. ಗೂಗಲ್ ಫಾಂಟ್ಸ್‌ನಲ್ಲಿ ಎಲ್ಲವೂ ಪುಕ್ಕಟೆ, ಇಳಿಸಿಕೊಳ್ಳಲು ಎರಡು ನಿಮಿಷ ಸಾಕು. ಪ್ರೂಫ್ ಕೈಗೆ ಕೊಟ್ಟಾಗ ಹೆಸರು, ಮುಹೂರ್ತ ಸರಿಯಿದೆಯೇ ಎಂದು ನೋಡುವ ಹೊತ್ತಿಗೇ 'ವಧು'ವಿನ 'ಧ'ದ ಹೊಟ್ಟೆ ಸೀಳಿದೆಯೇ ಎಂಬುದನ್ನೂ ನೋಡಿ ಸಹಿ ಹಾಕಿ.